ರೆಕಾರ್ಡ್ ರೂಮಿನವರು ಏನು ಮಾಡುತ್ತಾರೆ?

ಅಕ್ಕಂದಿರೇ, ಬೆಳಕವಾಡಿಯಿಂದ ಮಳವಳ್ಳಿಗೆ ಹೋಗುವ ಬಸ್ಸನ್ನು ನೆನೆಸಿಕೊಳ್ಳಿ. ಒಂದೇ ಸೀಟಿನಲ್ಲಿ ಒಂದೇ ಬೀದಿಯ ಇಬ್ಬರು ಹೆಂಗಸರು ಕೂತಿದ್ದಾರೆ. ಚಿಕ್ಕವಳ ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರು. ಅದರಲ್ಲಿ ಅವಳ ಅಪ್ಪನ ಹೆಸರಿನ ಪಹಣಿ ಇದೆ.

“ಎಲ್ಲಿಗವ್ವ ಹೊರಟೆ?”

“ತಾಲ್ಲೂಕು ಆಫೀಸಿಗೆ ಕಣಕ್ಕ. ಜಮೀನಿನ ಹಳೇ ಕಾಗದ ಬೇಕು. ಭಾಗ ಯಾವತ್ತೋ ಆಗೋಯ್ತು ಅಂತಾರೆ ಅಣ್ಣಂದಿರು. ಯಾವತ್ತು ಅಂದ್ರೆ ಬಾಯಿ ಬಿಡಲ್ಲ.”

“ರೆಕಾರ್ಡ್ ರೂಮಿಗಾ? ಅಲ್ಲೇನೈತೆ, ಧೂಳು, ಇಲಿ ತಿಂದ ಕಾಗದ. ಅಲ್ಲಿರೋರು ಬಾಗಿಲು ಕಾಯ್ತಾ ಕೂತಿರ್ತಾರೆ. ಕೈಕಾಲು ಹಿಡ್ಕೊ, ನಿನ್ನ ಹೆಸರೂ ಸೇರಿಸಿಕೊಟ್ಟಾರು.”

ದೊಡ್ಡವಳು ಹೇಳಿದ್ದು ಊರಲ್ಲಿ ಎಲ್ಲರೂ ಆಡುವ ಮಾತೇ. ಆದರೆ ಅದು ನಿಜವಲ್ಲ.

ಹಳೇ ಕಾಗದ ನೋಡಿಕೊಳ್ಳುವವರ ಕೆಲಸದಲ್ಲಿ ಬಾಗಿಲು ಕಾಯುವುದು ಸಣ್ಣ ಪಾಲು. ಮೊದಲ ಕೆಲಸ ಆರಿಸುವುದು. ಬಂದ ಕಾಗದವನ್ನೆಲ್ಲ ಇಟ್ಟರೆ ಕಟ್ಟಡ ಸಾಲುವುದಿಲ್ಲ. ಅದಕ್ಕೇ ಸರ್ಕಾರದ ಕಡತಗಳಿಗೆ ಎ, ಬಿ, ಸಿ, ಡಿ, ಇ ಎಂದು ಗುರುತು ಹಾಕುತ್ತಾರೆ. ಎ ಎಂದರೆ ಎಂದೆಂದಿಗೂ ಇಡಬೇಕು. ಬಿ ಎಂದರೆ 30 ವರ್ಷ. ಸಿ 10 ವರ್ಷ, ಡಿ 5 ವರ್ಷ, ಇ ಒಂದೇ ವರ್ಷ. ಅವಧಿ ಮುಗಿದದ್ದನ್ನು ನೋಡಿ ತೆಗೆಯಬೇಕು. ತಪ್ಪಿ ಬೇಕಾದ ಕಾಗದವನ್ನು ತೆಗೆದರೆ ಯಾರದೋ ಮನೆಯ ಹಕ್ಕು ಹೋಯಿತು. ಇದು ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ. ಕಣ್ಣು ಬೇಕು, ತಾಳ್ಮೆ ಬೇಕು.

ಕಡತ ಎಂದೆವು. ಈ ಪದ ಎಲ್ಲಿಂದ ಬಂತು ಗೊತ್ತೇ? ಹಿಂದೆ ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು ಒಣಗಿಸುತ್ತಿದ್ದರು. ಅದು ಕಪ್ಪು ಹಲಗೆಯ ಹಾಗೆ ಗಟ್ಟಿಯಾಗುತ್ತಿತ್ತು. ಅದನ್ನು ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದರು. ಅದೇ ಕಡತ. ಬೇಡವಾದರೆ ಒರೆಸಿ ಮತ್ತೆ ಬರೆಯಬಹುದಿತ್ತು. ಊರಿನ ಲೆಕ್ಕವೆಲ್ಲ ಶಾನುಭೋಗರ ಮನೆಯಲ್ಲೇ ಇರುತ್ತಿತ್ತು. ನೋಡಬೇಕಾದರೆ ಅವರ ಜಗಲಿ ಮುಂದೆ ನಿಲ್ಲಬೇಕಿತ್ತು. ಹೆಂಗಸರು ಅಲ್ಲಿ ನಿಂತು ಕೇಳುವುದು ಇನ್ನೂ ಕಷ್ಟ. 1961ರ ಕಾನೂನು ವಂಶಪಾರಂಪರ್ಯದ ಶಾನುಭೋಗಿಕೆಯನ್ನು ತೆಗೆಯಿತು. ಈಗ ಆ ಕಾಗದ ಯಾರ ಮನೆಯದ್ದೂ ಅಲ್ಲ. ಅದು ಸರ್ಕಾರಿ ಕಚೇರಿಯಲ್ಲಿದೆ. ನೀವೂ ಹೋಗಿ ಕೇಳಬಹುದು.

ಆರಿಸಿದ ಮೇಲೆ ಜೋಡಿಸುವ ಕೆಲಸ. ಇಲ್ಲೇ ನಾವು ಹೆಚ್ಚು ಸಲ ಎಡವುವುದು. “ನಮ್ಮಪ್ಪನ ಕಾಗದ ಕೊಡಿ ಸಾರ್” ಅಂತ ಕೇಳುತ್ತೇವೆ. ಅವರು ಸಿಗಲಿಲ್ಲ ಅನ್ನುತ್ತಾರೆ. ನಮಗೆ ಸಿಟ್ಟು ಬರುತ್ತದೆ. ಆದರೆ ಹಳೇ ಪಹಣಿಗಳನ್ನು ಅಪ್ಪನ ಹೆಸರು ಹಿಡಿದು ಜೋಡಿಸಿಲ್ಲ. ಊರು, ಸರ್ವೆ ನಂಬರು, ಇಸವಿ ಹಿಡಿದು ಜೋಡಿಸಿದ್ದಾರೆ. ಈ ಮೂರನ್ನು ಬರೆದುಕೊಂಡು ಹೋದರೆ ಗಂಟು ಬೇಗ ಸಿಗುತ್ತದೆ. ಖಾತೆ ಬದಲಾಗಿದ್ದರೆ ಎಂ.ಆರ್. ನಂಬರೂ ಬೇಕು.

ಇನ್ನೊಂದು ವಿಷಯ. ಎಲ್ಲ ಕಾಗದವೂ ಒಂದೇ ಕಡೆ ಇರುವುದಿಲ್ಲ. ಪಹಣಿ, ಖಾತೆ ಬದಲಾವಣೆ ತಾಲ್ಲೂಕು ಕಚೇರಿಯಲ್ಲಿ. ರಿಜಿಸ್ಟರ್ ಆದ ಕ್ರಯಪತ್ರ, ವಿಭಾಗಪತ್ರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ. ಅದಕ್ಕಿಂತ ಹಳೆಯ ಮೈಸೂರು ಸರ್ಕಾರದ ಕಡತಗಳು ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರದಲ್ಲಿವೆ. ಪತ್ರಾಗಾರ ಎಂದರೆ ಹಳೇ ಕಾಗದಗಳ ಮನೆ. ಮೈಸೂರಿನಲ್ಲೂ ಅದರ ಒಂದು ಕಚೇರಿ ಇದೆ. ನಮ್ಮ ಪಕ್ಕದ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 1902ರಲ್ಲಿ ಕರೆಂಟು ಹೋಯಿತು. ಇಂಥ ಇಸವಿಗಳನ್ನು ನಾವು ಖಚಿತವಾಗಿ ಹೇಳುವುದು ಯಾರೋ ಅಂದು ಬರೆದಿಟ್ಟದ್ದರಿಂದ. ಅಲ್ಲಿ ಮಣ್ಣು ಹೊತ್ತವರ ಹೆಸರು ಹುಡುಕಿದರೆ ಸಿಗುವುದು ಕಷ್ಟ. ಬರೆಯದೇ ಬಿಟ್ಟದ್ದನ್ನು ಪತ್ರಾಗಾರದವರು ಎಲ್ಲಿಂದ ತಂದಾರು?

ಈಗ ಹೆಸರು ಸೇರಿಸುವ ಮಾತಿಗೆ ಬರೋಣ. ರೆಕಾರ್ಡ್ ರೂಮಿನವರು ಹಳೇ ಕಾಗದಕ್ಕೆ ಒಂದು ಅಕ್ಷರವನ್ನೂ ಸೇರಿಸುವಂತಿಲ್ಲ, ಅಳಿಸುವಂತಿಲ್ಲ. ಇದ್ದದ್ದು ಇದ್ದ ಹಾಗೇ ಉಳಿಸುವುದೇ ಅವರ ಕೆಲಸ. ವಂಶವೃಕ್ಷ ಬರೆಸುವಾಗ ಹೆಣ್ಣುಮಕ್ಕಳ ಹೆಸರು ಬಿಡಿಸುವವರು ಎಷ್ಟೋ ಜನ ಇದ್ದಾರೆ. ಹಾಗೆ ಬಿಟ್ಟಿದ್ದರೆ ಅದನ್ನು ತಹಸೀಲ್ದಾರರ ಬಳಿಯೋ ಕೋರ್ಟಿನಲ್ಲೋ ಕೇಳಬೇಕು. ರೆಕಾರ್ಡ್ ರೂಮಿನಲ್ಲಿ ಅಲ್ಲ. ಅಲ್ಲಿ ನಮಗೆ ಸಿಗುವುದು ಸಾಕ್ಷಿ.

ಆ ಸಾಕ್ಷಿ ಬಸ್ಸಿನಲ್ಲಿ ಕೂತ ತಂಗಿಗೆ ಏಕೆ ಬೇಕು? 2005ರ ತಿದ್ದುಪಡಿಯಿಂದ ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಬಂತು. ಆ ದಿನ ಅಪ್ಪ ಬದುಕಿರಲೇಬೇಕು ಎಂದೇನಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆದರೆ 2004ರ ಡಿಸೆಂಬರ್ 20ಕ್ಕಿಂತ ಮೊದಲೇ ರಿಜಿಸ್ಟರ್ ಆಗಿಯೋ ಕೋರ್ಟಿನಿಂದಲೋ ಭಾಗ ಆಗಿದ್ದರೆ ಅದನ್ನು ಈ ಕಾನೂನು ಮುಟ್ಟುವುದಿಲ್ಲ. ಅಣ್ಣಂದಿರು “ಯಾವತ್ತೋ ಆಗೋಯ್ತು” ಅಂದರೆ ಸಾಲದು. ಯಾವ ತಾರೀಖು? ಅದನ್ನು ಬಾಯಿಮಾತು ಹೇಳುವುದಿಲ್ಲ, ಕಾಗದ ಹೇಳುತ್ತದೆ. ಕೆಲವು ಸಲ ಅಣ್ಣಂದಿರ ಮಾತೇ ನಿಜ ಎಂದೂ ಹೇಳೀತು. ಅದಕ್ಕೂ ಸಿದ್ಧವಾಗಿ ಹೋಗಬೇಕು.

“ಈಗೆಲ್ಲ ಕಂಪ್ಯೂಟರಿನಲ್ಲೇ ಇದೆಯಲ್ಲ” ಎಂದು ನಿಮ್ಮ ಮಗಳು ಕೇಳಬಹುದು. ‘ಭೂಮಿ’ ಯೋಜನೆ ಬಂದ ಮೇಲಿನ ಪಹಣಿ ಕಂಪ್ಯೂಟರಿನಲ್ಲಿದೆ. ಅದಕ್ಕೂ ಹಿಂದಿನದು ಕೈಬರಹದ್ದು. ಅವುಗಳ ಚಿತ್ರ ತೆಗೆದು ಕಂಪ್ಯೂಟರಿಗೆ ಸೇರಿಸಲು ‘ಭೂ ಸುರಕ್ಷಾ’ ಯೋಜನೆ ಬಂದಿದೆ. ಚಿತ್ರ ತೆಗೆಯುವ ಮೊದಲು ಗಂಟು ಬಿಚ್ಚಿ, ಧೂಳು ಒರೆಸಿ, ಹಾಳೆ ಎಣಿಸಿ, ಯಾವ ಊರಿನದು ಎಂದು ಗುರುತಿಸಬೇಕು. ಯಂತ್ರಕ್ಕೆ ಅದು ಬರುವುದಿಲ್ಲ. ಪತ್ರಾಗಾರಗಳಲ್ಲಿ ಹರಿದ ಹಾಳೆಗೆ ಗಂಜಿಯಂಥ ಅಂಟು ಹಚ್ಚಿ ತೆಳ್ಳನೆಯ ಕಾಗದ ಕೂರಿಸುತ್ತಾರೆ. ಟೇಪು ಅಂಟಿಸುವುದಿಲ್ಲ. ಟೇಪಿನ ಗೋಂದು ಕಾಗದವನ್ನು ತಿನ್ನುತ್ತದೆ. ಮನೆಯ ಹಳೇ ಪತ್ರಕ್ಕೂ ಟೇಪು, ಲ್ಯಾಮಿನೇಷನ್ ಬೇಡ. ಬಟ್ಟೆಯಲ್ಲಿ ಸುತ್ತಿ ಒಣ ಜಾಗದಲ್ಲಿಡಿ.

ಮೂಲ ಕಾಗದವನ್ನು ಮನೆಗೆ ಕೊಡುವುದಿಲ್ಲ. ಅರ್ಜಿ ಹಾಕಿ ಶುಲ್ಕ ಕಟ್ಟಿದರೆ ಸಹಿ, ಮೊಹರು ಇರುವ ನಕಲು ಕೊಡುತ್ತಾರೆ. ರಸೀದಿ ಇಟ್ಟುಕೊಳ್ಳಿ. ಉತ್ತರವೇ ಬರದಿದ್ದರೆ 2005ರ ಮಾಹಿತಿ ಹಕ್ಕು ಕಾನೂನು ಇದೆ. ಅದರ ಅರ್ಜಿಗೆ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. 30 ದಿನದಲ್ಲಿ ಉತ್ತರ ಕೊಡಬೇಕು.

ಬಸ್ಸು ಮಳವಳ್ಳಿಗೆ ಬಂತು. ಇಳಿಯುವಾಗ ದೊಡ್ಡವಳು ಕೇಳಿದಳು:

“ನಮ್ಮತ್ತೆ ಹೆಸರಲ್ಲೂ ಒಂದು ತುಂಡು ಇತ್ತು ಕಣವ್ವ. ಸರ್ವೆ ನಂಬರು ಎಲ್ಲಿ ಬರೆದಿರ್ತಾರೆ, ತೋರ್ಸು?”

ಓದಿ, ಬರೆಯಿರಿ:
ನಿಮ್ಮ ಮನೆಯ ಪಹಣಿಯನ್ನು ಕೈಗೆ ತೆಗೆದುಕೊಳ್ಳಿ. ಅದನ್ನು ನೋಡಿ ಬರೆಯಿರಿ.
ತಾಲ್ಲೂಕು ………… ಹೋಬಳಿ ………… ಗ್ರಾಮ …………
ಸರ್ವೆ ನಂಬರು ………… ಇಸವಿ …………
ಅದರಲ್ಲಿ ಹೆಂಗಸರ ಹೆಸರು ಇದೆಯೇ? ಯಾರದು? …………