ಹಡಗೇ ಶಾಲೆ

ಅಕ್ಕಂದಿರೇ, ನೀರಿನ ಮೇಲೆ ತೇಲುವ ಶಾಲೆ ಇದೆ, ಗೊತ್ತಾ?

ಅಮೆರಿಕ ದೇಶದ ಮೇನ್ ರಾಜ್ಯದಲ್ಲಿ ಒಂದು ಕಾಲೇಜಿದೆ. ಅಲ್ಲಿ ಹಡಗಿನ ಕೆಲಸ ಕಲಿಸುತ್ತಾರೆ. ಬೇಸಿಗೆ ಬಂದರೆ ಅಲ್ಲಿಯ ಮಕ್ಕಳು ದೊಡ್ಡ ಹಡಗು ಹತ್ತುತ್ತಾರೆ. ವಾರಗಟ್ಟಲೆ ಕಡಲಲ್ಲೇ ವಾಸ.

ಇದು ಮೋಜಿನ ಪ್ರಯಾಣ ಅಲ್ಲ. ಹಡಗು ರಾತ್ರಿಯೂ ನಡೆಯುತ್ತದೆ. ಅದಕ್ಕೇ ಪಾಳಿ ಮೇಲೆ ಕೆಲಸ. ಕೆಲವರು ಹಡಗು ನಡೆಸಲು ಕಲಿಯುತ್ತಾರೆ. ಕೆಲವರು ಕೆಳಗೆ ಇಂಜಿನ್ ಸೆಕೆಯಲ್ಲಿ ದುಡಿಯುತ್ತಾರೆ. ನೆಲ ತೊಳೆಯಬೇಕು. ಬಣ್ಣ ಬಳಿಯಬೇಕು. ಸೂರ್ಯ, ನಕ್ಷತ್ರ ನೋಡಿ ಹಡಗು ಎಲ್ಲಿದೆ ಅಂತ ಲೆಕ್ಕ ಹಾಕಬೇಕು. ಬೆಂಕಿ ಆರಿಸುವುದು, ಜೀವ ಉಳಿಸುವ ದೋಣಿ ಇಳಿಸುವುದು, ಎಲ್ಲವನ್ನೂ ಮಾಡಿ ಮಾಡಿ ಕಲಿಯಬೇಕು.

ಮೊದಲು ಇದು ಗಂಡಸರ ಕೆಲಸವಾಗಿತ್ತು. 1976ರಲ್ಲಿ ಡೆಬೊರಾ ಡೆಂಪ್ಸಿ ಎಂಬಾಕೆ ಇಲ್ಲಿ ಓದಿ ಪಾಸಾದರು. ಅಮೆರಿಕದ ಇಂಥ ಕಾಲೇಜುಗಳಲ್ಲಿ ಪಾಸಾದ ಮೊದಲ ಹೆಣ್ಣುಮಗಳು ಆಕೆ. ಮುಂದೆ ಹಡಗಿನ ಕ್ಯಾಪ್ಟನ್ ಆದರು.

1994ರ ಜನವರಿ. ಬಿರುಗಾಳಿ. ಜನರಿಲ್ಲದ ಒಂದು ಹಡಗು ದಡದ ಕಡೆ ತೇಲುತ್ತಿತ್ತು. ಬಡಿದರೆ ಒಡೆಯುತ್ತದೆ! ಡೆಂಪ್ಸಿ ಮತ್ತು ಜೊತೆಗಾರರು ಹೆಲಿಕಾಪ್ಟರಿನಿಂದ ಅದರ ಮೇಲೆ ಇಳಿದರು. ಲಂಗರು ಬಿಟ್ಟರು. ಹಡಗು ನಿಂತಿತು.

ಕಲಿತ ವಿದ್ಯೆ ಕಷ್ಟಕಾಲಕ್ಕೆ ಒದಗಿತು. ಹೆಣ್ಣಿಗೆ ಯಾಕೆ ಓದು ಅನ್ನುವವರಿಗೆ ಈ ಕಥೆ ಓದಿ ಹೇಳಿ.

ಉತ್ತರ ಬರೆಯಿರಿ: ಲಂಗರು ಯಾತಕ್ಕೆ ಬೇಕು?