ಕಿವಿಯ ಕೆಳಗಿನ ಗೆಡ್ಡೆಯೂ ಮುಖದ ನರವೂ



ಕಿವಿಯ ಮುಂದೆ ಅಥವಾ ಕೆಳಗೆ ಅಡಿಕೆಯಷ್ಟು ಗಾತ್ರದ ಒಂದು ಗೆಡ್ಡೆ. ನೋವಿಲ್ಲ, ಜ್ವರವಿಲ್ಲ, ತೋಟದ ಕೆಲಸಕ್ಕೆ ತೊಂದರೆಯಿಲ್ಲ. ಡಾಕ್ಟರರು ಶಸ್ತ್ರಕ್ರಿಯೆ ಬೇಕೆಂದರೆ ಮನೆಯಲ್ಲಿ ಮೊದಲು ಬರುವ ಮಾತು: "ಅಲ್ಲಿ ಕತ್ತಿ ಹಾಕಿದರೆ ಬಾಯಿ ಸೊಟ್ಟಗಾಗುತ್ತದಂತೆ." ಅಲ್ಲಿಗೆ ಚೀಟಿ ಕಪಾಟು ಸೇರುತ್ತದೆ. ವರ್ಷಗಳು ಉರುಳಿ ಗೆಡ್ಡೆ ನಿಂಬೆಹಣ್ಣಿನಷ್ಟಾದರೂ ಅದನ್ನು ಬೈರಾಸಿನಿಂದ ಮುಚ್ಚಿಕೊಂಡೇ ತಿರುಗುವವರಿದ್ದಾರೆ. ಈ ಹೆದರಿಕೆ ಪೂರ್ತಿ ಸುಳ್ಳಲ್ಲ. ಆದರೆ ಗೆಡ್ಡೆಯನ್ನು ಹಾಗೆಯೇ ಬಿಡಲು ಅದು ಕಾರಣವೂ ಅಲ್ಲ. ಏಕೆಂದು ನೋಡೋಣ.

ಗ್ರಂಥಿಯೊಳಗೆ ಹಾದುಹೋಗುವ ನರ

ಬಾಯಿಗೆ ಜೊಲ್ಲು ಒದಗಿಸುವ ದೊಡ್ಡ ಗ್ರಂಥಿಗಳು 3 ಜೊತೆ ಇವೆ: ಕಿವಿಯ ಮುಂದೆ, ದವಡೆಯ ಅಡಿಯಲ್ಲಿ, ನಾಲಗೆಯ ಅಡಿಯಲ್ಲಿ. ಇವುಗಳಲ್ಲಿ ದೊಡ್ಡದು ಕಿವಿಯ ಮುಂದಿನ ಪೆರೋಟಿಡ್ ಗ್ರಂಥಿ. ಮಂಗನಬಾವು ಬಂದಾಗ ಊದಿಕೊಳ್ಳುವುದು ಇದೇ. ಜೊಲ್ಲು ಗ್ರಂಥಿಯ ಗೆಡ್ಡೆಗಳಲ್ಲಿ ನೂರಕ್ಕೆ ಸುಮಾರು 80 ಇಲ್ಲಿಯೇ ಹುಟ್ಟುತ್ತವೆ. ಅವುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಆದರೆ ಇಲ್ಲಿ ಅತಿ ಸಾಮಾನ್ಯವಾದ ಗೆಡ್ಡೆಯನ್ನು ಹಲವು ವರ್ಷ ಬಿಟ್ಟರೆ ಕೆಲವರಲ್ಲಿ ಅದು ಕ್ಯಾನ್ಸರಾಗಿ ತಿರುಗುವುದುಂಟು.

ಮೆದುಳಿನಿಂದ ಹೊರಡುವ 12 ಜೊತೆ ನರಗಳಲ್ಲಿ 7ನೆಯದು ಮುಖದ ನರ. ಅದು ಕಿವಿಯ ಹಿಂದಿನ ಎಲುಬಿನ ರಂಧ್ರದಿಂದ ಹೊರಬಂದು, ಇದೇ ಗ್ರಂಥಿಯೊಳಗೆ ನುಗ್ಗಿ, 5 ಮುಖ್ಯ ಕವಲುಗಳಾಗಿ ಹರಡುತ್ತದೆ. ಹುಬ್ಬು ಏರಿಸುವುದು, ಕಣ್ಣು ಮುಚ್ಚುವುದು, ನಗುವುದು, ಕುಡಿದ ನೀರು ಬಾಯಿಯಿಂದ ಸೋರದಂತೆ ತುಟಿ ಬಿಗಿಯುವುದು, ಇವೆಲ್ಲ ಇದರ ಕೆಲಸ. ಮುಖದ ಚಲನೆಗೂ ಈ ನರಕ್ಕೂ ಇರುವ ಸಂಬಂಧದ ಬಗ್ಗೆ ಚಾರ್ಲ್ಸ್ ಬೆಲ್ ಎಂಬ ಶಸ್ತ್ರವೈದ್ಯರು 1821ರಲ್ಲಿ ಲಂಡನ್ನಿನಲ್ಲಿ ಬರೆದರು. ಇದ್ದಕ್ಕಿದ್ದಂತೆ ಬಾಯಿ ವಾಲುವ ಕಾಯಿಲೆಗೆ 'ಬೆಲ್ ಪಾಲ್ಸಿ' ಎಂಬ ಹೆಸರು ಬಂದುದು ಅವರಿಂದಲೇ.

ನರವನ್ನು ಕಾಯುವ ಯಂತ್ರ

ತೋಟದಲ್ಲಿ ಹಳೆಯ ತೆಂಗಿನ ಬುಡವನ್ನು ಕೀಳಬೇಕಾಗಿದೆ. ಬೇರುಗಳ ನಡುವೆ ನೀರಿನ ಪೈಪು ಹಾದುಹೋಗಿದೆ ಎಂದುಕೊಳ್ಳಿ. ತಿಳಿದವನು ಒಮ್ಮೆಲೇ ಹಾರೆ ಹೊಡೆಯುವುದಿಲ್ಲ. ಮೊದಲು ಮಣ್ಣು ಬಿಡಿಸಿ ಪೈಪನ್ನು ಕಂಡುಕೊಳ್ಳುತ್ತಾನೆ. ನೀರು ಬೀಳುವ ತುದಿಯಲ್ಲಿ ಒಬ್ಬನನ್ನು ನಿಲ್ಲಿಸಿ, ಏರುಪೇರು ಕಂಡರೆ ಕೂಗು ಹಾಕು ಎನ್ನುತ್ತಾನೆ.

ಶಸ್ತ್ರವೈದ್ಯರು ಮಾಡುವುದೂ ಹೀಗೆಯೇ. ಕಿವಿಯ ಮೃದ್ವಸ್ಥಿ, ಅದರ ಹಿಂದಿನ ಎಲುಬು, ಪಕ್ಕದ ಸ್ನಾಯು ಇವುಗಳ ಗುರುತು ಹಿಡಿದು ಮೊದಲು ನರದ ಬುಡವನ್ನು ಕಂಡುಕೊಳ್ಳುತ್ತಾರೆ. ಆಮೇಲೆ ಒಂದೊಂದೇ ಕವಲನ್ನು ಬಿಡಿಸುತ್ತಾ ಗೆಡ್ಡೆ ತೆಗೆಯುತ್ತಾರೆ. ಕೂಗು ಹಾಕುವ ಕೆಲಸ ನರದ ಮಾನಿಟರಿನದು. ರೋಗಿಗೆ ಪ್ರಜ್ಞೆ ತಪ್ಪಿಸಿದ ಬಳಿಕ ಕಣ್ಣಿನ ಮತ್ತು ಬಾಯಿಯ ಸುತ್ತಲ ಸ್ನಾಯುಗಳಿಗೆ ಬಹಳ ಸಣ್ಣ ಸೂಜಿಗಳನ್ನು ಚುಚ್ಚಿ ತಂತಿಯಿಂದ ಯಂತ್ರಕ್ಕೆ ಸೇರಿಸುತ್ತಾರೆ. ನರ ತುಸು ಎಳೆದರೂ, ತಾಗಿದರೂ ಆ ಸ್ನಾಯು ಮಿಡಿಯುತ್ತದೆ. ಯಂತ್ರ ಸದ್ದು ಮಾಡುತ್ತದೆ. ಬಿಳಿ ಎಳೆಯೊಂದು ನರವೋ ಅಲ್ಲವೋ ಎಂಬ ಸಂಶಯ ಬಂದರೆ ಕಡ್ಡಿಯಂಥ ಸಲಕರಣೆಯಿಂದ ಅತಿ ಸಣ್ಣ ವಿದ್ಯುತ್ ಕೊಟ್ಟು ನೋಡುತ್ತಾರೆ. ಮುಖ ಮಿಡಿದರೆ ಅದು ನರ. ಸ್ನಾಯು ಸಡಿಲಿಸುವ ಮದ್ದಿನ ಪ್ರಭಾವವಿದ್ದರೆ ಯಂತ್ರ ಮೂಕವಾಗುತ್ತದೆ. ಆದ್ದರಿಂದ ಅರಿವಳಿಕೆ ವೈದ್ಯರೂ ಮೊದಲೇ ಎಚ್ಚರ ವಹಿಸುತ್ತಾರೆ.

ಇದರಿಂದ ಪ್ರಯೋಜನವೆಷ್ಟು? ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ಪರಿಶೀಲನೆಯೊಂದರ ಪ್ರಕಾರ, ಶಸ್ತ್ರಕ್ರಿಯೆಯಾದ ಕೂಡಲೇ ಮುಖ ದುರ್ಬಲವಾದವರು ಮಾನಿಟರ್ ಇಲ್ಲದಾಗ ನೂರಕ್ಕೆ ಸುಮಾರು 35. ಇದ್ದಾಗ ಸುಮಾರು 22. ಈ ದೌರ್ಬಲ್ಯ ಹೆಚ್ಚಿನವರಲ್ಲಿ ಕೆಲವು ವಾರ ಅಥವಾ ತಿಂಗಳುಗಳಲ್ಲಿ ತಾನಾಗಿ ಸರಿಹೋಗುತ್ತದೆ. ಶಾಶ್ವತವಾಗಿ ಉಳಿಯುವುದು ಕೆಲವೇ ಮಂದಿಗೆ. ಮಾನಿಟರ್ ಅದನ್ನೂ ಕಡಿಮೆ ಮಾಡುತ್ತದೆ ಎಂದು ಆ ಪರಿಶೀಲನೆಯಿಂದ ಖಚಿತವಾಗಲಿಲ್ಲ. ಆದ್ದರಿಂದ ಯಂತ್ರ ಸಹಾಯಕ ಮಾತ್ರ. ನುರಿತ ಕೈಗೆ ಅದು ಬದಲಿಯಲ್ಲ. ಕ್ಯಾನ್ಸರ್ ನರವನ್ನೇ ಸುತ್ತಿಕೊಂಡಿದ್ದರೆ ನರವನ್ನು ಕತ್ತರಿಸಿ, ಕುತ್ತಿಗೆಯ ಅಥವಾ ಕಾಲಿನ ನರದ ತುಂಡನ್ನು ಕಸಿ ಮಾಡಬೇಕಾಗಬಹುದು. ತಡಮಾಡಬಾರದೆಂದು ಹೇಳುವುದು ಇದಕ್ಕಾಗಿಯೇ.

ಡಾಕ್ಟರರನ್ನು ಕೇಳಬೇಕಾದವು

1. ಸ್ಕ್ಯಾನ್ ಮತ್ತು ಸಣ್ಣ ಸೂಜಿಯ ಪರೀಕ್ಷೆಯಲ್ಲಿ ಏನು ಕಂಡಿದೆ?
2. ಗೆಡ್ಡೆ ನರದ ಮೇಲ್ಭಾಗದಲ್ಲಿದೆಯೋ, ಆಳದಲ್ಲಿದೆಯೋ?
3. ಈ ಶಸ್ತ್ರಕ್ರಿಯೆಯಲ್ಲಿ ನಿಮ್ಮ ಅನುಭವವೆಷ್ಟು? ನರದ ಮಾನಿಟರ್ ಬಳಸುವಿರಾ?
4. ಮುಖ ದುರ್ಬಲವಾದರೆ ಮುಂದಿನ ಚಿಕಿತ್ಸೆಯೇನು?

ಹೀಗೆ ಕೇಳುವುದು ಅವಮರ್ಯಾದೆಯಲ್ಲ. ಒಳ್ಳೆಯ ವೈದ್ಯರು ಸಂತೋಷದಿಂದಲೇ ಉತ್ತರಿಸುತ್ತಾರೆ.

ಮನೆಗೆ ಬಂದ ಮೇಲೆ

ಕಿವಿಯ ಹಾಲೆ ಜೋಮು ಹಿಡಿದಂತಿರಬಹುದು, ಗಾಬರಿ ಬೇಡ. ಕಣ್ಣು ಪೂರ್ತಿ ಮುಚ್ಚದಿದ್ದರೆ ಮಾತ್ರ ತುಂಬ ಜಾಗ್ರತೆ ಬೇಕು. ಡಾಕ್ಟರರು ಕೊಟ್ಟ ಹನಿಮದ್ದನ್ನು ತಪ್ಪದೆ ಹಾಕಿಕೊಳ್ಳಿ. ರಾತ್ರಿ ಅವರು ಹೇಳಿದಂತೆ ಕಣ್ಣು ಮುಚ್ಚಿ ಟೇಪು ಅಂಟಿಸಿ. ಕಣ್ಣು ಸರಿಯಾಗಿ ಮುಚ್ಚುವವರೆಗೆ ಬೋರ್ಡೋ ಸಿಂಪಡಣೆ, ಅಡಿಕೆ ಸುಲಿಯುವ ಧೂಳು, ಹುಲ್ಲು ಒಕ್ಕಣೆ ಇವುಗಳಿಂದ ದೂರವಿರಿ. ಮುಚ್ಚದ ಕಣ್ಣಿಗೆ ಮೈಲುತುತ್ತು ಸುಣ್ಣದ ಹನಿ ಬಿದ್ದರೆ ದೃಷ್ಟಿಗೇ ಅಪಾಯ.

ಗೆಡ್ಡೆ ಬೇಗ ಬೆಳೆಯುತ್ತಿದ್ದರೆ, ನೋವಿದ್ದರೆ, ಚರ್ಮಕ್ಕೆ ಅಂಟಿಕೊಂಡಿದ್ದರೆ, ಶಸ್ತ್ರಕ್ರಿಯೆಗೆ ಮೊದಲೇ ಮುಖ ವಾಲಿದ್ದರೆ, ಅಡಿಕೆ ಕೊಯ್ಲು ಮುಗಿಯಲಿ ಎಂದು ಕಾಯಬೇಡಿ. ಮನೆಯಲ್ಲಿ ಯಾರಾದರೂ ಕಿವಿಯ ಕೆಳಗೆ ಬೈರಾಸು ಮುಚ್ಚಿಕೊಂಡು ತಿರುಗುತ್ತಿದ್ದರೆ ಇಂದೇ ಅವರೊಡನೆ ಮಾತನಾಡಿ. ಕಪಾಟಿನಲ್ಲಿಟ್ಟ ಆ ಚೀಟಿಯನ್ನು ಹೊರತೆಗೆಯಿರಿ.