ಗಾಡಿ ಓಡುತ್ತಿರಲಿ: ಹಳೆಯ ಪದ್ಮಿನಿಯನ್ನು ಮನೆಯಲ್ಲೇ ಸರಿಮಾಡುವವರಿಗೆ ಯಶಸ್ಸಿನ ಸೂತ್ರಗಳು

ನಮ್ಮ ಎಷ್ಟೋ ಊರುಗಳಲ್ಲಿ ಯಾವುದಾದರೊಂದು ಮನೆಯ ಶೆಡ್ಡಿನಲ್ಲಿ ಒಂದು ಫಿಯಟ್ ನಿಂತಿರುತ್ತದೆ. ಈ ಕಾರು 1964ರಲ್ಲಿ ಮುಂಬೈಯ ಕುರ್ಲಾ ಕಾರ್ಖಾನೆಯಿಂದ ಫಿಯಟ್ 1100 ಡಿಲೈಟ್ ಎಂಬ ಹೆಸರಲ್ಲಿ ಹೊರಬಂತು. 1974ರಲ್ಲಿ ಪ್ರೀಮಿಯರ್ ಪದ್ಮಿನಿ ಆಯಿತು. ಶತಮಾನ ಮುಗಿಯುವವರೆಗೂ ಹೆಚ್ಚುಕಡಿಮೆ ಅದೇ ಮೈಕಟ್ಟಿನಲ್ಲಿ ತಯಾರಾಯಿತು. 1089 ಸಿಸಿ ಎಂಜಿನ್, ಬಹುಪಾಲು ಗಾಡಿಗಳಲ್ಲಿ ಸ್ಟೀರಿಂಗ್ ಪಕ್ಕದಲ್ಲೇ ಗೇರು. ಕಂಪ್ಯೂಟರಿಲ್ಲ, ಸೆನ್ಸರಿಲ್ಲ, ಬಾನೆಟ್ ಎತ್ತಿದರೆ ಎಲ್ಲವೂ ಕಣ್ಣಿಗೆ ಕಾಣುತ್ತದೆ, ಕೈಗೆ ಎಟುಕುತ್ತದೆ. ಮನೆಯಂಗಳದಲ್ಲಿ ಕೆಲಸ ಕಲಿಯಲು ಇದಕ್ಕಿಂತ ಒಳ್ಳೆಯ ಹಳೆಯ ಕಾರು ನಮ್ಮ ದೇಶದಲ್ಲಿ ಇನ್ನೊಂದಿಲ್ಲ ಎಂದೇ ನನ್ನ ನಂಬಿಕೆ.

ಆದರೂ ಹೀಗೆ ಶುರುವಾದ ಕೆಲಸ ಅರ್ಧಕ್ಕೆ ನಿಂತು, ಬಿಚ್ಚಿದ ಸಾಮಾನು ಡಬ್ಬಗಳಲ್ಲಿ ಧೂಳು ತಿನ್ನುವುದೇ ಹೆಚ್ಚು. ದುಡ್ಡಿಲ್ಲದೆ ನಿಂತ ಗಾಡಿಗಳಿಗಿಂತ, ಮೊದಲ ವಾರದ ಹುರುಪಿನಲ್ಲಿ ಪೂರ್ತಿ ಬಿಚ್ಚಿಟ್ಟು ನಿಂತ ಗಾಡಿಗಳು ಜಾಸ್ತಿ. ಅದಕ್ಕೇ ಈ ಸೂತ್ರಗಳಿಗೆಲ್ಲ ಒಂದೇ ಗುರಿ: ಗಾಡಿ ಆದಷ್ಟು ಬೇಗ ಓಡಬೇಕು, ಆಮೇಲೆ ಓಡುತ್ತಲೇ ಸುಧಾರಿಸಬೇಕು.

1. ಎಂಜಿನ್ ಕೆಟ್ಟ ಗಾಡಿ ಕೊಳ್ಳಿ, ತುಕ್ಕು ತಿಂದ ಗಾಡಿ ಬಿಡಿ

ಈ ಕಾರಿಗೆ ಜೀಪಿನ ಹಾಗೆ ಬೇರೆ ಚಾಸಿ ಇಲ್ಲ. ತಳದ ತಗಡು, ಬಾಗಿಲ ಕೆಳಗಿನ ಪೆಟ್ಟಿಗೆಯಂಥ ಅಂಚು, ಕಂಬಗಳು ಎಲ್ಲ ಸೇರಿಯೇ ಭಾರ ಹೊರುತ್ತವೆ. ಆ ಅಂಚು ಕೊಳೆತಿದ್ದರೆ ಗಾಡಿಯ ಬೆನ್ನುಮೂಳೆಯೇ ಹೋದ ಲೆಕ್ಕ. ಎಂಜಿನ್ ಎಂಥದ್ದಾದರೂ ಲೇತಿನವರು ಬೋರ್ ಮಾಡಿ ಕೊಡುತ್ತಾರೆ. ಕೊಳೆತ ಮೈಯನ್ನು ಸರಿಮಾಡಲು ಅದರ ಹಲವು ಪಟ್ಟು ಖರ್ಚು ಬೀಳುತ್ತದೆ.

ನೋಡಲು ಹೋಗುವಾಗ ಜೇಬಿನಲ್ಲಿ ಬಟ್ಟೆ ಸುತ್ತಿದ ಒಂದು ಅಯಸ್ಕಾಂತ ಇರಲಿ. ಅಂಟದ ಕಡೆ ಒಳಗಿರುವುದು ಪುಟ್ಟಿ. ಮ್ಯಾಟ್ ಎತ್ತಿ ನೆಲ ನೋಡಿ, ಡಿಕ್ಕಿಯಲ್ಲಿ ಸ್ಟೆಪ್ನಿ ತೆಗೆದು ಕೆಳಗೆ ನೋಡಿ, ಹಿಂದಿನ ಲೀಫ್ ಸ್ಪ್ರಿಂಗ್ ಮೈಗೆ ಕೂರುವ ಜಾಗವನ್ನು ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ಮಂಗಳೂರು, ಕಾರವಾರ, ಮುಂಬೈ ಕಡೆಯಲ್ಲಿ ಬಾಳಿದ ಗಾಡಿಯನ್ನು ಉಪ್ಪುಗಾಳಿ ಒಳಗಿನಿಂದ ತಿಂದಿರುತ್ತದೆ. ಚಿತ್ರದುರ್ಗ, ಬಳ್ಳಾರಿ, ವಿಜಯಪುರದಂಥ ಒಣ ಸೀಮೆಯ ಗಾಡಿ ಬಣ್ಣಗೆಟ್ಟಿದ್ದರೂ ಒಳಗೆ ಗಟ್ಟಿ ಇರುವ ಸಾಧ್ಯತೆ ಹೆಚ್ಚು. ಅದಕ್ಕಾಗಿ ಇನ್ನೂರು ಮೈಲಿ ದೂರ ಹೋದರೂ ನಷ್ಟವಿಲ್ಲ.

2. ಕಾಗದ ಸರಿಯಿಲ್ಲದ ಗಾಡಿ ಬರೀ ಬಿಡಿಭಾಗ

ಆರ್‌ಸಿಯಲ್ಲಿರುವ ಚಾಸಿ ನಂಬರ್, ಎಂಜಿನ್ ನಂಬರ್ ಎರಡನ್ನೂ ಗಾಡಿಯ ಮೇಲೆ ನೀವೇ ಓದಿ ಹೋಲಿಸಿ. ಮಾಲೀಕರು ತೀರಿಕೊಂಡಿದ್ದರೆ ವಾರಸುದಾರರ ಹೆಸರಿಗೆ ಆದ ಮೇಲೆಯೇ ಕೊಳ್ಳಿ. ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು, ಹಸಿರು ತೆರಿಗೆಯೂ ಉಂಟು. ಬಾಕಿ ಎಷ್ಟಿದೆ ಎಂದು ಮೊದಲೇ ಕೇಳಿ ತಿಳಿದುಕೊಳ್ಳಿ.

ವಿಂಟೇಜ್ ನೋಂದಣಿಯ ಆಸೆ ಹಲವರಿಗಿದೆ. ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮದ ಪ್ರಕಾರ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೈ, ಚಾಸಿ, ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಕಾಣದ ಗಾಡಿಗೆ ಅದು ಸಿಗುತ್ತದೆ. ನಂಬರ್ ಪ್ಲೇಟಿನಲ್ಲಿ ‘ವಿಎ’ ಎಂಬ ಅಕ್ಷರಗಳು ಬರುತ್ತವೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. 1974ರ ಪದ್ಮಿನಿಗೆ 2024ಕ್ಕೇ ಐವತ್ತು ತುಂಬಿತು. ಆದರೆ ಆ ಪ್ಲೇಟು ಹಾಕಿದ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ರ್‍ಯಾಲಿ, ಪೆಟ್ರೋಲು ತುಂಬಿಸುವುದು, ರಿಪೇರಿ ಇಂಥವಕ್ಕೆ ಮಾತ್ರ ರಸ್ತೆಗೆ ಇಳಿಸಬಹುದು. ಭಾನುವಾರ ಮನೆಮಂದಿಯನ್ನು ಕೂರಿಸಿಕೊಂಡು ಹೋಗುವ ಆಸೆಯಿದ್ದರೆ ಮಾಮೂಲಿ ನೋಂದಣಿಯನ್ನೇ ನವೀಕರಿಸಿಕೊಳ್ಳಿ.

3. ಒಂದು ಸಲಕ್ಕೆ ಒಂದೇ ಅಂಗ ಬಿಚ್ಚಿ

ಬ್ರೇಕು ಬಿಚ್ಚಿದರೆ ಬ್ರೇಕು ಕಟ್ಟುವವರೆಗೆ ಕಾರ್ಬುರೇಟರ್ ಮುಟ್ಟಬೇಡಿ. ಪ್ರತಿ ನಟ್ಟು ತೆಗೆಯುವ ಮುಂಚೆ ಮೊಬೈಲಿನಲ್ಲಿ ಒಂದು ಫೋಟೊ. ಬೋಲ್ಟು, ವಾಷರು ಜಿಪ್ ಕವರಿನಲ್ಲಿ, ಕವರಿನ ಮೇಲೆ ಹೆಸರು ಮತ್ತು ತಾರೀಕು. ಪ್ಲಗ್ ವೈರುಗಳಿಗೆ ಅಂಟುಪಟ್ಟಿ ಹಚ್ಚಿ ನಂಬರ್ ಬರೆಯಿರಿ. ಈ ಎಂಜಿನ್ ಉರಿಯುವ ಕ್ರಮ 1-3-4-2, ಅದನ್ನು ಶೆಡ್ಡಿನ ಗೋಡೆಯ ಮೇಲೂ ಬರೆದಿಡಿ.

4. ಹಿಡಿದುಕೊಂಡ ಎಂಜಿನ್‌ಗೆ ಸೆಲ್ಫ್ ಹೊಡೆಯಬೇಡಿ

ವರ್ಷಗಟ್ಟಲೆ ನಿಂತ ಎಂಜಿನ್ನಿನ ಪಿಸ್ಟನ್ ರಿಂಗುಗಳು ಸಿಲಿಂಡರಿಗೆ ತುಕ್ಕಿನಲ್ಲಿ ಅಂಟಿರುತ್ತವೆ. ಬ್ಯಾಟರಿ ಜೋಡಿಸಿ ಕೀ ತಿರುಗಿಸಿದರೆ ರಿಂಗು ಮುರಿಯಬಹುದು. ನಾಲ್ಕೂ ಪ್ಲಗ್ ತೆಗೆದು, ಎಂಜಿನ್ ಆಯಿಲಿಗೆ ಸ್ವಲ್ಪ ಡೀಸೆಲ್ ಬೆರೆಸಿ ಒಂದೊಂದು ಸಿಲಿಂಡರಿಗೂ ಎರಡೆರಡು ಚಮಚ ಹಾಕಿ, ಕೆಲವು ದಿನ ಬಿಡಿ. ಆಮೇಲೆ ನಾಲ್ಕನೇ ಗೇರಿಗೆ ಹಾಕಿ ಗಾಡಿಯನ್ನು ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ತೂಗಿ. ಬಿಟ್ಟುಕೊಂಡರೆ ಹಳೆಯ ಆಯಿಲ್ ಇಳಿಸಿ, ಹೊಸದು ತುಂಬಿ, ಪ್ಲಗ್ ಹಾಕದೆಯೇ ಸೆಲ್ಫ್ ತಿರುಗಿಸಿ ಆಯಿಲ್ ಮೇಲೆ ಬರುವಂತೆ ಮಾಡಿ. ಪೆಟ್ರೋಲು, ಕಿಡಿ ಎಲ್ಲ ಅದಾದ ಮೇಲೆ.

5. ಸ್ಟಾರ್ಟ್ ಆಗುವ ಮುಂಚೆ ನಿಲ್ಲುವುದು ಗ್ಯಾರಂಟಿಯಾಗಲಿ

ಎಂಜಿನ್ನಿನ ಸದ್ದು ಕೇಳಿದ ಕೂಡಲೇ ಮನೆಯವರೆಲ್ಲ ಒಂದು ಸುತ್ತು ಹೋಗೋಣ ಅನ್ನುತ್ತಾರೆ. ಆ ಸುತ್ತಿಗೆ ಬ್ರೇಕು ತಯಾರಿರಬೇಕು. 1960ರ ದಶಕದ ಗಾಡಿಗಳಲ್ಲಿ ನಾಲ್ಕೂ ಚಕ್ರಕ್ಕೆ ಬ್ರೇಕ್ ಆಯಿಲಿನ ಒಂದೇ ದಾರಿ. ಒಂದು ಕಡೆ ಸೋರಿದರೆ ನಾಲ್ಕೂ ಕಡೆ ಬ್ರೇಕಿಲ್ಲ. ಆದ್ದರಿಂದ ಅರ್ಧಂಬರ್ಧ ರಿಪೇರಿ ಇಲ್ಲಿ ಸಲ್ಲದು. ಮಾಸ್ಟರ್ ಸಿಲಿಂಡರ್ ಮತ್ತು ವೀಲ್ ಸಿಲಿಂಡರುಗಳ ರಬ್ಬರ್ ಕಿಟ್ಟು, ಲೈನಿಂಗು, ರಬ್ಬರ್ ಹೋಸುಗಳು ಎಲ್ಲ ಹೊಸವು. ಹೋಸು ಹೊರಗೆ ಚೆನ್ನಾಗಿ ಕಂಡರೂ ಒಳಗೆ ಊದಿಕೊಂಡಿರುತ್ತದೆ. ಪೆಡಲ್ ಬಿಟ್ಟ ಮೇಲೂ ಚಕ್ರ ಹಿಡಿದೇ ಇದ್ದರೆ ಮೊದಲು ಅದನ್ನು ಅನುಮಾನಿಸಿ.

ಎಲ್ಲ ಕಟ್ಟಿ, ಗಾಳಿ ತೆಗೆದ ಮೇಲೆ ಪೆಡಲನ್ನು ಒಂದು ನಿಮಿಷ ಜೋರಾಗಿ ತುಳಿದು ಹಿಡಿಯಿರಿ. ಅದು ಮೆಲ್ಲಗೆ ಕೆಳಗಿಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ. ಹಳೆಯ ಲೈನಿಂಗಿನ ಧೂಳಿನಲ್ಲಿ ಕಲ್ನಾರು ಇರಬಹುದು. ಗಾಳಿ ಊದಿ ಹಾರಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಇನ್ನು ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ನುಸುಳಕೂಡದು. ಇಟ್ಟಿಗೆ, ಹಾಲೋ ಬ್ಲಾಕು ಒಮ್ಮೆಲೇ ಒಡೆಯುತ್ತವೆ. ಕಬ್ಬಿಣದ ಸ್ಟ್ಯಾಂಡು ಎರಡು ಜೊತೆ ಕೊಳ್ಳಿ. ಈ ಇಡೀ ಪಟ್ಟಿಯಲ್ಲಿ ಚೌಕಾಸಿ ಮಾಡಬಾರದ ಖರ್ಚು ಅದು.

6. ಇಂದಿನ ಪೆಟ್ರೋಲಿಗೆ ಗಾಡಿಯನ್ನು ಹೊಂದಿಸಿ

ಈಗ ಬಂಕಿನಲ್ಲಿ ಸಿಗುವುದು ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲು. ಪದ್ಮಿನಿ ತಯಾರಾದ ಕಾಲದ ರಬ್ಬರು ಅದಕ್ಕೆ ತಯಾರಾದದ್ದಲ್ಲ. ಪೈಪು ಮೆತ್ತಗಾಗಿ ಬಿರುಕು ಬಿಡುತ್ತದೆ, ಪೆಟ್ರೋಲ್ ಪಂಪಿನ ಡಯಾಫ್ರಮ್ ಗಟ್ಟಿಯಾಗಿ ಹರಿಯುತ್ತದೆ. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಂತ ಟ್ಯಾಂಕಿನಲ್ಲಿ ಆ ನೀರು ತಳ ಸೇರಿ ತುಕ್ಕು ಹಿಡಿಸುತ್ತದೆ. ಬಿಸಿ ಎಂಜಿನ್ನಿನ ಮೇಲೆ ತೊಟ್ಟಿಕ್ಕುವ ಒಂದು ಪೈಪು ಸಾಕು, ಇಡೀ ಗಾಡಿ ಸುಟ್ಟುಹೋಗಲು.

ಹೀಗೆ ಮಾಡಿ: ಟ್ಯಾಂಕಿನಿಂದ ಕಾರ್ಬುರೇಟರಿನವರೆಗೆ ಇರುವ ರಬ್ಬರ್ ಪೈಪುಗಳನ್ನೆಲ್ಲ ಎಥನಾಲ್ ತಾಳುವ ವೈಟಾನ್ ಪೈಪಿಗೆ ಬದಲಾಯಿಸಿ. ಪಂಪಿಗೂ ಕಾರ್ಬುರೇಟರಿಗೂ ಅಂಥದೇ ಕಿಟ್ ಕೇಳಿ ತನ್ನಿ. ಟ್ಯಾಂಕು ಇಳಿಸಿ ತೊಳೆಸಿ. ಎಥನಾಲಿನಲ್ಲಿ ಶಕ್ತಿ ಕಡಿಮೆ, ಹಳೆಯ ಜೆಟ್ಟಿನಲ್ಲಿ ಮಿಶ್ರಣ ತೆಳುವಾಗುತ್ತದೆ. ಪ್ಲಗ್ ತೆಗೆದು ತುದಿ ನೋಡಿ. ಕಾಫಿ ಬಣ್ಣವಿದ್ದರೆ ಸರಿ, ಬಿಳಿಚಿಕೊಂಡಿದ್ದರೆ ಮೇನ್ ಜೆಟ್ ಒಂದು ಅಳತೆ ದೊಡ್ಡದು ಹಾಕಿ. ಗಾಡಿ ನಿಲ್ಲಿಸಿಡುವ ತಿಂಗಳುಗಳಲ್ಲಿ ಟ್ಯಾಂಕಿನಲ್ಲಿ ಹಳೆ ಪೆಟ್ರೋಲು ಬಿಡಬೇಡಿ. ಮುಂದಿನ ಸೀಟಿನ ಕೆಳಗೆ ಒಂದು ಕೆಜಿಯ ಅಗ್ನಿಶಾಮಕ ಸದಾ ಇರಲಿ.

7. ತಂಪಿಗೆ ಮಹತ್ವ ಕೊಡಿ

ಈ ಎಂಜಿನ್ನಿನ ಹೆಡ್ಡು ಅಲ್ಯೂಮಿನಿಯಂ. ಒಂದು ಸಲ ಜೋರಾಗಿ ಕಾದರೆ ಸೊಟ್ಟಗಾಗುತ್ತದೆ, ಗ್ಯಾಸ್ಕೆಟ್ ಹೋಗುತ್ತದೆ. ರೇಡಿಯೇಟರ್ ಬಿಚ್ಚಿಸಿ ಒಳಗಿನ ಕೊಳವೆ ಸ್ವಚ್ಛ ಮಾಡಿಸಿ, ಥರ್ಮೋಸ್ಟಾಟ್ ಕಿತ್ತೆಸೆಯುವ ಹಳೆಯ ಚಾಳಿ ಬಿಡಿ, ಬರೀ ನಲ್ಲಿ ನೀರಿನ ಬದಲು ಕೂಲೆಂಟ್ ಹಾಕಿ. ಟ್ರಾಫಿಕ್ಕಿನಲ್ಲಿ ಮುಳ್ಳು ಏರುತ್ತಿದ್ದರೆ ಗಾಡಿ ಪಕ್ಕಕ್ಕೆ ಹಾಕಿ ಕಾಯಿರಿ.

8. ವೈರಿಂಗಿನಲ್ಲಿ ತೇಪೆ ಹಚ್ಚಬೇಡಿ

ಹಳೆಯ ವೈರಿನ ಮೇಲೆ ಹೊಸ ಹಾರ್ನು, ಸ್ಟೀರಿಯೊ, ಫಾಗ್ ಲೈಟು ಎಂದು ಒಬ್ಬೊಬ್ಬ ಎಲೆಕ್ಟ್ರಿಷಿಯನ್ ಒಂದೊಂದು ಗಂಟು ಹಾಕಿರುತ್ತಾರೆ. ಒಂದೊಂದನ್ನೇ ಹುಡುಕುತ್ತಾ ಕೂರುವುದಕ್ಕಿಂತ ಇಡೀ ವೈರಿಂಗ್ ಸೆಟ್ ಬದಲಾಯಿಸುವುದೇ ಅಗ್ಗ. ಹೆಡ್‌ಲೈಟಿಗೆ ರಿಲೇ ಹಾಕಿ. ಅಷ್ಟರಿಂದಲೇ ಹಳೆಯ ಸ್ವಿಚ್ ಬಿಸಿಯಾಗುವುದು ನಿಲ್ಲುತ್ತದೆ, ಬೆಳಕು ಗಮನಾರ್ಹವಾಗಿ ಹೆಚ್ಚುತ್ತದೆ.

9. ತಗಡಿನ ಕೆಲಸ ಮಳೆಗಾಲದಲ್ಲಿ ಬೇಡ

ಬರಿಮೈ ತಗಡು ಮಲೆನಾಡಿನ ಜುಲೈ ತಿಂಗಳಲ್ಲಿ ಒಂದೇ ರಾತ್ರಿಗೆ ಕೆಂಪಗಾಗುತ್ತದೆ. ಟಿಂಕರಿಂಗ್ ಮತ್ತು ಬಣ್ಣಕ್ಕೆ ಫೆಬ್ರವರಿಯಿಂದ ಏಪ್ರಿಲ್ ಒಳ್ಳೆಯ ಕಾಲ. ಒಂದು ದಿನ ಎಷ್ಟು ಉಜ್ಜುತ್ತೀರೋ ಅಷ್ಟಕ್ಕೆ ಅದೇ ಸಂಜೆ ಪ್ರೈಮರ್ ಬೀಳಬೇಕು. ಹಳೆಯ ಬಣ್ಣದಲ್ಲಿ ಸೀಸ ಇರುವ ಸಂಭವವಿದೆ. ನೀರು ಹಾಕಿಯೇ ಉಜ್ಜಿ, ಮಾಸ್ಕ್ ಹಾಕಿ, ಮಕ್ಕಳನ್ನು ದೂರ ಇಡಿ. ತೂತು ಬಿದ್ದಲ್ಲಿ ಕೊಳೆತ ತಗಡು ಕತ್ತರಿಸಿ ಹೊಸ ತಗಡು ಬೆಸೆಯುವುದೊಂದೇ ದಾರಿ. ಪುಟ್ಟಿ ತುಂಬಿದ ತೂತು ಎರಡು ಮಳೆಗಾಲ ತಡೆಯುವುದಿಲ್ಲ.

ಕೊನೆಯ ಬಣ್ಣವನ್ನು ಮಾತ್ರ ಮನೆಯಲ್ಲಿ ಹೊಡೆಯಬೇಡಿ ಎನ್ನುತ್ತೇನೆ. ಗಟ್ಟಿಕಾರಕ ಬೆರೆಸುವ ಪಿಯು ಬಣ್ಣದ ಹೊಗೆಯಲ್ಲಿರುವ ಐಸೊಸಯನೇಟ್ ಶ್ವಾಸಕೋಶಕ್ಕೆ ನಿಜವಾಗಿ ಅಪಾಯ. ಬಟ್ಟೆಯ ಮಾಸ್ಕು ಅದನ್ನು ತಡೆಯುವುದಿಲ್ಲ. ಉಜ್ಜುವ, ಸಮ ಮಾಡುವ, ಪ್ರೈಮರ್‌ವರೆಗಿನ ದುಡಿಮೆ ನಿಮ್ಮದು. ಬಣ್ಣ ಬೂತ್ ಇರುವ ಪೇಂಟರದ್ದು.

10. ಹೊರಗೆ ಕೊಡಬೇಕಾದದ್ದನ್ನು ಮನಸ್ಸಿಟ್ಟು ಕೊಡಿ

ಬಣ್ಣದ ಜೊತೆಗೆ ಬೋರಿಂಗ್, ಕ್ರ್ಯಾಂಕ್ ಗ್ರೈಂಡಿಂಗ್, ಹೆಡ್ ಸಮ ಮಾಡುವುದು, ಕ್ರೋಮ್ ಲೇಪ. ಇಷ್ಟು.

11. ಬಿಡಿಭಾಗಕ್ಕೆ ಹಳೆಯ ತುಂಡು ಕೈಯಲ್ಲಿ ಹಿಡಿದೇ ಹೋಗಿ

ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಹೊಸ ಸಾಮಾನು, ಶಿವಾಜಿನಗರದ ಗುಜರಿಯಲ್ಲಿ ಹಳೆಯದು. ದಶಕಗಳ ತಯಾರಿಯಲ್ಲಿ ಸಣ್ಣಪುಟ್ಟ ಬದಲಾವಣೆಗಳು ಬಹಳ ಆಗಿವೆ, ಹೆಸರು ಹೇಳಿ ತಂದದ್ದು ಕೂರುವುದಿಲ್ಲ. ಮುಂಬೈಯಲ್ಲಿ ಕಾಳಿ-ಪೀಳಿ ಪದ್ಮಿನಿ ಟ್ಯಾಕ್ಸಿಗಳ ಕಾಲ 2023ರ ಅಕ್ಟೋಬರಿಗೆ ಮುಗಿಯಿತು. ಆ ಟ್ಯಾಕ್ಸಿಗಳನ್ನೇ ನಂಬಿದ್ದ ತಯಾರಕರು ಮುಂದೆ ಕಡಿಮೆಯಾಗುತ್ತಾರೆ. ಗಾಜಿನ ಬೀಡಿಂಗ್, ಟೇಲ್ ಲ್ಯಾಂಪ್ ಗಾಜು, ಬಾಗಿಲ ಹಿಡಿಗಳಂಥವು ಕಂಡಾಗಲೇ ಒಂದು ಹೆಚ್ಚಿಗೆ ಕೊಂಡಿಡಿ.

12. ಮನಸ್ಸಿಗೆ ಬಂದಂತೆ ಸಿಂಗರಿಸಿ, ಆದರೆ ಕತ್ತರಿಸಬೇಡಿ

ನಿಮ್ಮ ಗಾಡಿ ನಿಮ್ಮ ಹಾಗೆ ಇರಲಿ ಅನ್ನುವುದು ತಪ್ಪಲ್ಲ. ನನ್ನ ಅಳತೆಗೋಲು ಒಂದೇ: ಒಂದು ಮಧ್ಯಾಹ್ನದಲ್ಲಿ ಮೊದಲಿನ ಹಾಗೆ ಮಾಡಲು ಬಂದರೆ ಆ ಬದಲಾವಣೆ ಒಳ್ಳೆಯದು. ಪ್ಲಾಟಿನಂ ಪಾಯಿಂಟಿನ ಜಾಗಕ್ಕೆ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿ, ಹಳೆಯ ಪಾಯಿಂಟು, ಕಂಡೆನ್ಸರು ಡಿಕ್ಕಿಯಲ್ಲಿರಲಿ. ಡೈನಮೊ ತೆಗೆದು ಆಲ್ಟರ್ನೇಟರ್ ಕೂರಿಸಿ. ಸೀಟಿಗೆ ಇಳಕಲ್ ಸೀರೆಯ ಕೆಂಪಂಚಿನ ಬಣ್ಣದ ಹೊದಿಕೆ ಹೊಲಿಸಿ, ಚೆಂದ ಕಾಣುತ್ತದೆ. ಸೀಟ್ ಬೆಲ್ಟ್ ಇಲ್ಲದ ಗಾಡಿಗೆ ಬೆಲ್ಟ್ ಖಂಡಿತ ಹಾಕಿಸಿ. ಬರೀ ತಗಡಿಗೆ ಬೋಲ್ಟ್ ಮಾಡದೆ, ಹಿಂದೆ ದಪ್ಪ ಪಟ್ಟಿ ಕೊಟ್ಟು ಬಿಗಿಸಬೇಕು.

ಟಾಪ್ ಕತ್ತರಿಸುವುದು, ಬೇರೆ ಕಂಪನಿಯ ದೊಡ್ಡ ಎಂಜಿನ್ ತುರುಕುವುದು ಬೇಡ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ನಮೂದಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಕಾನೂನು ಬದಿಗಿಟ್ಟರೂ, ಡ್ರಮ್ ಬ್ರೇಕಿನ ಗಾಡಿಗೆ ಎರಡು ಪಟ್ಟು ಶಕ್ತಿ ಕೊಟ್ಟರೆ ನಿಲ್ಲಿಸುವವರು ಯಾರು? ಬಣ್ಣ ಬದಲಿಸಿದರೆ ಆರ್‌ಟಿಒಗೆ ತಿಳಿಸಿ ಆರ್‌ಸಿಯಲ್ಲಿ ಬರೆಸಿ. ಮೂಲ ಬಣ್ಣ ತಿಳಿಯಬೇಕಿದ್ದರೆ ಡ್ಯಾಶ್‌ಬೋರ್ಡಿನ ಹಿಂಬದಿ, ಬಾಗಿಲ ಒಳಪಟ್ಟಿಯ ಕೆಳಗೆ ನೋಡಿ. ಚೆನ್ನಾಗಿ ಕಾಪಾಡಿದ ಹಳೆಯ ಗಾಡಿ ಹೇಗಿರುತ್ತದೆ ಎಂದು ಕಣ್ಣಾರೆ ಕಾಣಲು ಧರ್ಮಸ್ಥಳದ ಮಂಜೂಷಾ ಸಂಗ್ರಹಕ್ಕೋ, ಬೆಂಗಳೂರು-ಮೈಸೂರು ದಾರಿಯ ‘ಪಯಣ’ ಸಂಗ್ರಹಾಲಯಕ್ಕೋ ಒಂದು ದಿನ ಹೋಗಿ ಬನ್ನಿ.

13. ವಾರಕ್ಕೊಮ್ಮೆ ಓಡಿಸಲೇಬೇಕು

ಶೆಡ್ಡಿನಲ್ಲಿ ನಿಂತಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿ ಆರಿಸುವುದರಿಂದ ಒಳಿತಿಗಿಂತ ಕೆಡುಕು ಹೆಚ್ಚು. ಆಯಿಲಿನಲ್ಲಿ ಸೇರಿದ ತೇವ ಆವಿಯಾಗುವಷ್ಟು ಎಂಜಿನ್ ಕಾಯುವುದೇ ಇಲ್ಲ. ಇಪ್ಪತ್ತು ಕಿಲೋಮೀಟರ್ ಓಡಲಿ, ನಾಲ್ಕೂ ಗೇರು ಬೀಳಲಿ. ಕಿಂಗ್ ಪಿನ್ನಿನ ನಿಪ್ಪಲುಗಳಿಗೆ ಆಗಾಗ ಗ್ರೀಸ್ ಹೊಡೆಯಿರಿ. ಮೊದಲ ತಿಂಗಳು ಊರ ಸುತ್ತಮುತ್ತಲೇ ಓಡಿಸಿ, ಪ್ರತಿ ಸಲ ಬಂದ ಮೇಲೆ ಕೆಳಗೆ ರಟ್ಟು ಹಾಸಿ ಎಲ್ಲಿ ಏನು ತೊಟ್ಟಿಕ್ಕಿದೆ ಎಂದು ನೋಡಿ ಪುಸ್ತಕದಲ್ಲಿ ಬರೆದಿಡಿ. ಹೆಡ್ ಬಿಚ್ಚಿ ಕಟ್ಟಿದ್ದರೆ ಐನೂರು ಕಿಲೋಮೀಟರ್ ಆದ ಮೇಲೆ, ಎಂಜಿನ್ ಪೂರ್ತಿ ತಣ್ಣಗಿರುವಾಗ, ನಡುವಿನಿಂದ ಹೊರಕ್ಕೆ ಕ್ರಮವಾಗಿ ಟಾರ್ಕ್ ರೆಂಚಿನಲ್ಲಿ ಹೆಡ್ ನಟ್ಟುಗಳನ್ನು ಮತ್ತೊಮ್ಮೆ ಬಿಗಿಮಾಡಿ. ಅಲ್ಲಿಂದ ಮುಂದೆ ಘಾಟಿ ಹತ್ತಬಹುದು.